ಗರ್ಭಚೀಲ ತೆಗೆಯೋ ಮುಂಚೆ ಒಂದು ಪ್ರಶ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಬಸವಾಪಟ್ಟಣದಿಂದ ಮತ್ತೊಂದು ಸಂಚಿಕೆ ಇದು. ಇವತ್ತಿನ ವಿಷಯ ಸ್ವಲ್ಪ ಗಂಭೀರ. 28 ಅಥವಾ 30 ವಯಸ್ಸಿನ ಹೆಣ್ಣುಮಗಳಿಗೆ ಗರ್ಭಕೋಶದ ಕ್ಯಾನ್ಸರ್ ಅಂತ ಗೊತ್ತಾಗುತ್ತೆ ಅಂದ್ಕೊಳ್ಳಿ. ಆಕೆಗೆ ಇನ್ನೂ ಮಕ್ಕಳಾಗಿಲ್ಲ, ಬಹುಶಃ ಮದುವೆನೂ ಆಗಿಲ್ಲ. ಮುಂದೆ ತಾಯಿ ಆಗೋ ದಾರಿ ಅಲ್ಲಿಗೇ ಮುಚ್ಚಿಹೋಗುತ್ತಾ?

ಉತ್ತರ ಮೊದಲೇ ಹೇಳಿಬಿಡ್ತೀನಿ. ಎಲ್ಲರಿಗೂ ಅಲ್ಲ, ಆದರೆ ಕೆಲವರಿಗೆ ದಾರಿ ಇದೆ. ಆ ದಾರಿ ತೆರೆದಿರೋದು ಆಪರೇಷನ್‌ಗೆ ಮುಂಚೆ ಮಾತ್ರ. ಗರ್ಭಚೀಲ ತೆಗೆದ ಮೇಲೆ "ಮೊದಲೇ ಕೇಳಬೇಕಿತ್ತು" ಅಂದರೆ ಪ್ರಯೋಜನ ಇಲ್ಲ. ಅದಕ್ಕೇ ಈ ಸಂಚಿಕೆ.

ನಾನು ಓದಿದ್ದು ಬಿ.ಕಾಂ. ನಾನು ಡಾಕ್ಟರ್ ಅಲ್ಲ. ಇಲ್ಲಿ ಹೇಳೋದು ವೈದ್ಯಕೀಯ ಮಾರ್ಗಸೂಚಿಗಳಲ್ಲಿ, ಅಧ್ಯಯನಗಳಲ್ಲಿ, ಕಾನೂನಿನಲ್ಲಿ ಇರೋ ವಿಷಯ. ಯಾರಿಗೆ ಯಾವ ಚಿಕಿತ್ಸೆ ಅನ್ನೋದನ್ನ ಪರೀಕ್ಷೆ ಮಾಡಿದ ವೈದ್ಯರೇ ಹೇಳಬೇಕು. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನೋದು ನಮಗೆ ಗೊತ್ತಿರಲೇಬೇಕು.

ಯಾವ ಕ್ಯಾನ್ಸರ್ ಇದು?

ಮೊದಲು ಒಂದು ಗೊಂದಲ ಬಗೆಹರಿಸೋಣ. ನಾವು ಹೆಚ್ಚಾಗಿ ಕೇಳಿರೋದು ಗರ್ಭಕಂಠದ ಕ್ಯಾನ್ಸರ್, ಅಂದ್ರೆ ಗರ್ಭಕೋಶದ ಬಾಯಿಗೆ ಬರೋದು. ಅದಕ್ಕೆ ಬಹುತೇಕ ಎಚ್‌ಪಿವಿ ಅನ್ನೋ ವೈರಸ್ ಕಾರಣ. ಅದಕ್ಕೆ ಲಸಿಕೆ ಇದೆ, ಪ್ಯಾಪ್ ಪರೀಕ್ಷೆ ಇದೆ.

ಇವತ್ತು ಮಾತಾಡ್ತಿರೋದು ಬೇರೆ. ಇದು ಗರ್ಭಕೋಶದ ಒಳಪದರದ ಕ್ಯಾನ್ಸರ್, ವೈದ್ಯರ ಭಾಷೆಯಲ್ಲಿ ಎಂಡೊಮೆಟ್ರಿಯಲ್ ಕ್ಯಾನ್ಸರ್. ಪ್ರತಿ ತಿಂಗಳು ದಪ್ಪ ಆಗಿ, ಮುಟ್ಟಿನ ರಕ್ತದ ಜೊತೆ ಹೊರಗೆ ಹೋಗುತ್ತಲ್ಲ, ಆ ಪದರದಲ್ಲಿ ಬರೋದು. ಎಚ್‌ಪಿವಿ ಲಸಿಕೆ ಇದನ್ನ ತಡೆಯಲ್ಲ. ಪ್ಯಾಪ್ ಪರೀಕ್ಷೆ ಇದನ್ನ ಹಿಡಿಯೋಕೆ ಇರೋದೂ ಅಲ್ಲ. "ಪ್ಯಾಪ್ ನಾರ್ಮಲ್ ಬಂದಿದೆ, ಏನೂ ಇಲ್ಲ" ಅಂತ ಸುಮ್ಮನಾಗೋದು ಈ ವಿಷಯದಲ್ಲಿ ತಪ್ಪು ಲೆಕ್ಕ.

2022ರ ಜಾಗತಿಕ ಅಂದಾಜಿನ ಪ್ರಕಾರ ಆ ಒಂದೇ ವರ್ಷ ಪ್ರಪಂಚದಲ್ಲಿ ಸುಮಾರು 4 ಲಕ್ಷ 20 ಸಾವಿರ ಮಹಿಳೆಯರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂದಿದೆ. ಹೆಚ್ಚಿನವರು ಮುಟ್ಟು ನಿಂತ ವಯಸ್ಸಿನವರು. 40ರ ಒಳಗಿನವರು ಕಡಿಮೆ. ಆದರೆ ಆ ಕಡಿಮೆ ಜನರಲ್ಲಿ ತುಂಬ ಮಂದಿಗೆ ಇನ್ನೂ ಮಕ್ಕಳಾಗಿರಲ್ಲ. ಅದು ಕಾಕತಾಳೀಯ ಅಲ್ಲ, ಅದಕ್ಕೆ ಹಾರ್ಮೋನಿನ ಕಾರಣ ಇದೆ.

ಚಿಕ್ಕ ವಯಸ್ಸಿಗೆ ಯಾಕೆ ಬರುತ್ತೆ?

ಹೆಣ್ಣಿನ ದೇಹದಲ್ಲಿ ಎರಡು ಹಾರ್ಮೋನ್ ನೆನಪಿಟ್ಟುಕೊಳ್ಳಿ. ಈಸ್ಟ್ರೊಜೆನ್ ಈ ಒಳಪದರವನ್ನ ಬೆಳೆಸುತ್ತೆ. ಪ್ರೊಜೆಸ್ಟರಾನ್ ಆ ಬೆಳವಣಿಗೆಗೆ ತಡೆ ಹಾಕುತ್ತೆ. ಅಂಡಾಶಯದಿಂದ ಪ್ರತಿ ತಿಂಗಳು ಅಂಡ ಹೊರಗೆ ಬಂದಾಗಲೇ ಪ್ರೊಜೆಸ್ಟರಾನ್ ಸರಿಯಾಗಿ ತಯಾರಾಗೋದು.

ಈಗ ಪಿಸಿಓಡಿ ಇರೋ ಹುಡುಗಿಯನ್ನ ತಗೊಳ್ಳಿ. ಆಕೆಗೆ ಎಷ್ಟೋ ತಿಂಗಳು ಅಂಡ ಬಿಡುಗಡೆಯೇ ಆಗಲ್ಲ. ಮೂರು ತಿಂಗಳು, ನಾಲ್ಕು ತಿಂಗಳಾದರೂ ಮುಟ್ಟಾಗಲ್ಲ. ಅಷ್ಟೂ ದಿನ ಈಸ್ಟ್ರೊಜೆನ್ ಕೆಲಸ ಮಾಡ್ತಾನೇ ಇರುತ್ತೆ, ತಡೆಯೋರು ಯಾರೂ ಇಲ್ಲ. ಜೊತೆಗೆ ದೇಹದ ತೂಕ ಜಾಸ್ತಿ ಇದ್ದರೆ, ಕೊಬ್ಬಿನ ಭಾಗವೂ ಈಸ್ಟ್ರೊಜೆನ್ ತಯಾರು ಮಾಡುತ್ತೆ. ವರ್ಷಗಟ್ಟಲೆ ಹೀಗೇ ನಡೆದರೆ ಪದರ ಅತಿಯಾಗಿ ಬೆಳೆದು, ಕೆಲವರಲ್ಲಿ ಅದರ ಜೀವಕೋಶಗಳು ದಾರಿ ತಪ್ಪುತ್ತವೆ.

ಗಾಬರಿ ಬೇಡ. ಪಿಸಿಓಡಿ ಇರೋರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಬರಲ್ಲ. ಆದರೆ ಪಿಸಿಓಡಿ, ಬೊಜ್ಜು, ಸಕ್ಕರೆ ಕಾಯಿಲೆ, ಅಂಡ ಬಿಡುಗಡೆಯ ತೊಂದರೆಯಿಂದ ಮಕ್ಕಳಾಗದೇ ಇರೋದು, ಇವು ಈ ಕ್ಯಾನ್ಸರ್‌ನ ಅಪಾಯ ಹೆಚ್ಚಿಸೋ ಅಂಶಗಳು. ಮಕ್ಕಳಾಗೋಕೆ ಅಡ್ಡ ಬಂದ ಸಮಸ್ಯೆಯೇ ಕ್ಯಾನ್ಸರ್‌ಗೂ ದಾರಿ ಮಾಡಿಕೊಟ್ಟಿರುತ್ತೆ.

ಇನ್ನೊಂದು ಕಾರಣ ವಂಶವಾಹಿ. ಲಿಂಚ್ ಸಿಂಡ್ರೋಮ್ ಅಂತ ಒಂದಿದೆ. ಒಂದೇ ಕುಟುಂಬದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್ ಮತ್ತೆ ಮತ್ತೆ, ಅದೂ ಚಿಕ್ಕ ವಯಸ್ಸಿಗೇ ಬರೋದು ಇದರ ಸೂಚನೆ. "ನಮ್ಮ ಅಜ್ಜಿಗೆ ಹೊಟ್ಟೆಯಲ್ಲಿ ಗಡ್ಡೆ ಆಗಿತ್ತು, ದೊಡ್ಡಮ್ಮಗೂ ಆಗಿತ್ತು" ಅಂತ ಮನೆಯಲ್ಲಿ ಮಾತು ಬಂದರೆ ಅದನ್ನ ವೈದ್ಯರಿಗೆ ಹೇಳಿ. ಅದು ಹಳೇ ಕಥೆ ಅಲ್ಲ, ಮಾಹಿತಿ.

ಲಕ್ಷಣ ಕಾಣುತ್ತೆ, ಆದರೆ ನಾವು ನೋಡಲ್ಲ

ಈ ಕ್ಯಾನ್ಸರ್ ಸಾಮಾನ್ಯವಾಗಿ ಬೇಗನೇ ಸುಳಿವು ಕೊಡುತ್ತೆ. ಮುಟ್ಟಿನ ಮಧ್ಯೆ ರಕ್ತ ಹೋಗೋದು, ಹತ್ತು ಹದಿನೈದು ದಿನ ನಿಲ್ಲದೇ ಇರೋದು, ತಿಂಗಳುಗಟ್ಟಲೆ ಮುಟ್ಟಾಗದೇ ಆಮೇಲೆ ಒಂದೇ ಸಲ ಜೋರಾಗಿ ಹೋಗೋದು. ಮುಟ್ಟು ನಿಂತು ವರ್ಷ ಆದವರಿಗೆ ಒಂದು ಕಲೆ ಕಂಡರೂ ತೋರಿಸಲೇಬೇಕು.

ಆದರೆ ಚಿಕ್ಕವರಲ್ಲಿ ಏನಾಗುತ್ತೆ? "ಪಿಸಿಓಡಿ ಇದೆ, ಹಾಗೇ ಆಗುತ್ತೆ" ಅಂತ ಬಿಡ್ತಾರೆ. ಮದುವೆ ಆಗದ ಹುಡುಗಿಯಾದರೆ ಅವ್ವನೂ ಹಿಂಜರೀತಾಳೆ. ಹೆರಿಗೆ ಡಾಕ್ಟರ್ ಹತ್ರ ಹೋಗಿದ್ದು ಯಾರಾದರೂ ನೋಡಿದರೆ ಏನಂದುಕೊಳ್ತಾರೋ ಅನ್ನೋ ಭಯ. ಮೆಡಿಕಲ್ ಶಾಪ್‌ನಿಂದ ರಕ್ತ ನಿಲ್ಲೋ ಮಾತ್ರೆ ತಂದು ನುಂಗೋದೇ ಸುಲಭ ಅನ್ಸುತ್ತೆ.

ಹಬ್ಬಕ್ಕೆ, ಮದುವೆಗೆ, ಜಾತ್ರೆಗೆ ಮುಂಚೆ ಮುಟ್ಟು ಮುಂದೂಡೋಕೆ ಹೆಣ್ಣುಮಕ್ಕಳು ಮಾತ್ರೆ ತಗೋತಾರಲ್ಲ, ಅದು ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನ್. ಅದನ್ನ ವೈದ್ಯರಿಗೆ ಕೇಳದೇ ಪದೇ ಪದೇ ತಗೊಂಡರೆ ರಕ್ತ ನಿಲ್ಲಬಹುದು, ಆದರೆ ಯಾಕೆ ಹೋಗ್ತಿತ್ತು ಅನ್ನೋ ಕಾರಣ ಮುಚ್ಚಿಹೋಗುತ್ತೆ. ಈ ಹಾರ್ಮೋನ್ ವಿಷಯ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಕ್ಯಾನ್ಸರ್ ಹೌದೋ ಅಲ್ವೋ ಅನ್ನೋದನ್ನ ಸ್ಕ್ಯಾನಿಂಗ್ ಒಂದೇ ಹೇಳಲ್ಲ. ಸ್ಕ್ಯಾನಿಂಗ್‌ನಲ್ಲಿ ಪದರ ದಪ್ಪ ಇದೆ ಅಂತ ಕಾಣಬಹುದು, ಅಷ್ಟೇ. ಆ ಪದರದ ಸಣ್ಣ ತುಣುಕು ತೆಗೆದು ಲ್ಯಾಬ್‌ಗೆ ಕಳಿಸಬೇಕು. ಅದೇ ಬಯಾಪ್ಸಿ. ಕೆಲವರಿಗೆ ಡಿ ಅಂಡ್ ಸಿ ಮಾಡಿ ತೆಗೀತಾರೆ, ಕೆಲವರಿಗೆ ಹಿಸ್ಟರೊಸ್ಕೋಪಿ, ಅಂದ್ರೆ ಸಣ್ಣ ಕ್ಯಾಮೆರಾ ಒಳಗೆ ಹಾಕಿ ನೋಡ್ತಾ ತೆಗೀತಾರೆ. "ಕ್ಲೀನ್ ಮಾಡಿದ್ದೀವಿ" ಅಂತ ಆಸ್ಪತ್ರೆಯಲ್ಲಿ ಹೇಳಿದರೆ ನೀವು ಕೇಳಬೇಕಾದ್ದು ಒಂದೇ ಮಾತು: "ತೆಗೆದ ತುಣುಕನ್ನ ಬಯಾಪ್ಸಿಗೆ ಕಳಿಸಿದ್ದೀರಾ? ರಿಪೋರ್ಟ್ ಯಾವಾಗ ಸಿಗುತ್ತೆ?"

"ತೆಗೆಸಿಬಿಡಿ" ಅನ್ನೋ ಮಾತು

ನಮ್ಮ ಕಡೆ ಗರ್ಭಚೀಲದ ಬಗ್ಗೆ ಒಂದು ವಿಚಿತ್ರ ಸಲೀಸು ಇದೆ. ಎರಡು ಮಕ್ಕಳಾಗಿವೆ, ಬಿಳಿ ಮುಟ್ಟು ಜಾಸ್ತಿ, ಸೊಂಟ ನೋವು, ಸರಿ ತೆಗೆಸಿಬಿಡಿ. ತುಂಗಭದ್ರಾ ನದಿಯ ಆಚೆ ಕಡೆ ರಾಣೆಬೆನ್ನೂರಿನಲ್ಲಿ ಏನಾಯ್ತು ಅಂತ ನೆನಪಿದೆಯಾ? ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ಅಗತ್ಯ ಇಲ್ಲದೇ ಗರ್ಭಕೋಶ ತೆಗೆದರು ಅನ್ನೋ ಆರೋಪ ಬಂತು. ಅವರಲ್ಲಿ ಅನೇಕರು ತಾಂಡಾಗಳ ಬಡ ಹೆಣ್ಣುಮಕ್ಕಳು. ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಹೋರಾಟ ಮಾಡಿದ್ದಾರೆ. ಅದಕ್ಕೂ ಮುಂಚೆ ಕಲಬುರಗಿಯಲ್ಲೂ ಇಂಥದ್ದೇ ದೂರು ಕೇಳಿಬಂದಿತ್ತು.

ದೇಶದ ಬೇರೆ ರಾಜ್ಯಗಳಲ್ಲೂ ಹೀಗೇ ಆಗಿದ್ದಕ್ಕೆ ಡಾ. ನರೇಂದ್ರ ಗುಪ್ತಾ ಅನ್ನೋರು ಸುಪ್ರೀಂ ಕೋರ್ಟ್‌ಗೆ ಹೋದರು. 2023ರ ಏಪ್ರಿಲ್ 5ರಂದು ಕೋರ್ಟ್ ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯೋಕೆ ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನ ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಹೇಳಿತು.

ಇದನ್ನ ಯಾಕೆ ಹೇಳಿದೆ? ಕ್ಯಾನ್ಸರ್ ಇರೋರ ಕಥೆ ಅದಲ್ಲ, ನಿಜ. ಕ್ಯಾನ್ಸರ್ ಇದ್ದಾಗ ಗರ್ಭಕೋಶ ತೆಗೆಯೋದು ಅನಗತ್ಯ ಆಪರೇಷನ್ ಅಲ್ಲ, ಜೀವ ಉಳಿಸೋ ಆಪರೇಷನ್. ಆದರೆ ಕ್ಯಾನ್ಸರ್ ಇಲ್ಲದಾಗಲೇ "ಬೇರೆ ದಾರಿ ಇದೆಯಾ?" ಅಂತ ಕೇಳದ ನಾವು, ಕ್ಯಾನ್ಸರ್ ಅನ್ನೋ ಹೆಸರು ಕಿವಿಗೆ ಬಿದ್ದ ಮೇಲೆ ಕೇಳ್ತೀವಾ? ಆ ಹೆದರಿಕೆಯಲ್ಲಿ ಪ್ರಶ್ನೆಯೇ ಹುಟ್ಟಲ್ಲ.

ಮಾಮೂಲಿ ಚಿಕಿತ್ಸೆ ಏನು?

ಗರ್ಭಕೋಶ, ಅದರ ಎರಡೂ ನಾಳ, ಎರಡೂ ಅಂಡಾಶಯ ತೆಗೆಯೋದು ಪ್ರಮಾಣಿತ ಚಿಕಿತ್ಸೆ. ಆರಂಭದ ಹಂತದಲ್ಲಿ ಹೀಗೆ ಆಪರೇಷನ್ ಆದವರ ಫಲಿತಾಂಶ ತುಂಬ ಚೆನ್ನಾಗಿದೆ. 100ರಲ್ಲಿ 90ಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟ್ತಾರೆ. ಆದ್ದರಿಂದ ಮಕ್ಕಳ ಆಸೆ ಇಲ್ಲದವರಿಗೆ, ಮುಟ್ಟು ನಿಂತವರಿಗೆ ಇದರಲ್ಲಿ ಹೆಚ್ಚು ಚರ್ಚೆಯೇ ಇಲ್ಲ.

ಚರ್ಚೆ ಇರೋದು ಮಕ್ಕಳು ಬೇಕು ಅನ್ನೋ ಚಿಕ್ಕ ವಯಸ್ಸಿನವರ ವಿಷಯದಲ್ಲಿ. ಅವರಲ್ಲಿ ಕೆಲವರಿಗೆ ಆಪರೇಷನ್ ಮುಂದೂಡಿ, ಹಾರ್ಮೋನಿನಿಂದ ಕ್ಯಾನ್ಸರ್ ಕರಗಿಸಿ, ಮಗು ಪಡೆಯೋಕೆ ಒಂದು ಅವಕಾಶ ಕೊಡಬಹುದು. ಪ್ರೊಜೆಸ್ಟರಾನ್ ಜಾತಿಯ ಔಷಧಿ ಈ ಕ್ಯಾನ್ಸರ್ ಮೇಲೆ ಕೆಲಸ ಮಾಡುತ್ತೆ ಅನ್ನೋ ವರದಿ 1961ರಷ್ಟು ಹಿಂದೆಯೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಯುರೋಪಿನ ಮೂರು ವೈದ್ಯ ಸಂಘಟನೆಗಳು ಸೇರಿ 2023ರಲ್ಲಿ ಇದಕ್ಕೇ ಅಂತ ಮಾರ್ಗಸೂಚಿ ಹೊರತಂದಿವೆ. ಅಂದ್ರೆ ಇದು ನಾಟಿ ಪ್ರಯೋಗ ಅಲ್ಲ, ನಿಯಮ ಇರೋ ಚಿಕಿತ್ಸೆ.

ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ?

ಇಲ್ಲಿ ಜರಡಿ ತುಂಬ ಸಣ್ಣದು.

ಒಂದು, ಕ್ಯಾನ್ಸರ್ ಎಂಡೊಮೆಟ್ರಿಯಾಯ್ಡ್ ಅನ್ನೋ ಜಾತಿಯದಾಗಿರಬೇಕು, ಗ್ರೇಡ್ 1 ಆಗಿರಬೇಕು. ಗ್ರೇಡ್ 1 ಅಂದ್ರೆ ಜೀವಕೋಶಗಳು ಇನ್ನೂ ಬಹುಪಾಲು ತಮ್ಮ ಮೂಲ ರೂಪದಲ್ಲೇ ಇವೆ, ನಿಧಾನಕ್ಕೆ ಬೆಳೀತಿವೆ ಅಂತ. ಸೀರಸ್, ಕ್ಲಿಯರ್ ಸೆಲ್ ಅಂತ ರಿಪೋರ್ಟ್‌ನಲ್ಲಿ ಇದ್ದರೆ ಈ ದಾರಿ ಇಲ್ಲ.

ಎರಡು, ಅದು ಒಳಪದರದಲ್ಲೇ ಇರಬೇಕು. ಗರ್ಭಕೋಶದ ಗೋಡೆಯ ಸ್ನಾಯುವಿಗೆ ಇಳಿದಿರಬಾರದು. ಇದನ್ನ ಎಂಆರ್‌ಐ ಮಾಡಿ, ಇಲ್ಲವೇ ಅನುಭವಿ ವೈದ್ಯರು ಒಳಗಿನಿಂದ ಅಲ್ಟ್ರಾಸೌಂಡ್ ಮಾಡಿ ನೋಡ್ತಾರೆ.

ಮೂರು, ಬೇರೆ ಕಡೆ ಹರಡಿರಬಾರದು. ಅಂಡಾಶಯವನ್ನ ವಿಶೇಷವಾಗಿ ನೋಡಬೇಕು. ಚಿಕ್ಕ ವಯಸ್ಸಿನವರಲ್ಲಿ ಕೆಲವರಿಗೆ ಅದೇ ಸಮಯದಲ್ಲಿ ಅಂಡಾಶಯದಲ್ಲೂ ಕ್ಯಾನ್ಸರ್ ಇರುತ್ತೆ.

ನಾಲ್ಕು, ಹಾರ್ಮೋನ್ ತಗೊಳ್ಳೋಕೆ ದೇಹ ಒಪ್ಪಬೇಕು. ಹಿಂದೆ ರಕ್ತ ಹೆಪ್ಪುಗಟ್ಟಿದ ತೊಂದರೆ, ಸ್ತನ ಕ್ಯಾನ್ಸರ್, ತೀವ್ರ ಲಿವರ್ ಕಾಯಿಲೆ ಇದ್ದವರಿಗೆ ಕಷ್ಟ.

ಐದು, ಆಕೆ ತಪ್ಪದೇ ತಪಾಸಣೆಗೆ ಬರೋಕೆ ತಯಾರಿರಬೇಕು. ನಮ್ಮಂಥ ಊರಿನವರಿಗೆ ನಿಜವಾಗಿ ಕಷ್ಟ ಆಗೋದು ಇಲ್ಲೇ.

ಬಯಾಪ್ಸಿ ತುಣುಕನ್ನ ಗರ್ಭಕೋಶದ ಕ್ಯಾನ್ಸರ್ ನೋಡಿ ಅನುಭವ ಇರೋ ಇನ್ನೊಬ್ಬ ಪೆಥಾಲಜಿಸ್ಟ್ ಹತ್ರ ತೋರಿಸೋದು ಒಳ್ಳೇದು. ಗ್ರೇಡ್ 1ಕ್ಕೂ 2ಕ್ಕೂ ಇರೋ ವ್ಯತ್ಯಾಸದ ಮೇಲೆ ಇಡೀ ತೀರ್ಮಾನ ನಿಂತಿರುತ್ತೆ. ಈಗ ಅದೇ ತುಣುಕಿನ ಮೇಲೆ ವಂಶವಾಹಿ ಸಂಬಂಧದ ಪರೀಕ್ಷೆಗಳನ್ನೂ ಮಾಡ್ತಾರೆ. ಲಿಂಚ್ ಸಿಂಡ್ರೋಮ್ ಸುಳಿವೂ ಅದರಲ್ಲೇ ಸಿಗುತ್ತೆ.

ಚಿಕಿತ್ಸೆ ಹೇಗೆ ನಡೆಯುತ್ತೆ?

ಮೊದಲು ಹಿಸ್ಟರೊಸ್ಕೋಪಿಯಲ್ಲಿ ಕಣ್ಣಿಗೆ ಕಾಣೋ ಗಡ್ಡೆಯ ಭಾಗವನ್ನ ಕೆರೆದು ತೆಗೀತಾರೆ. ಆಮೇಲೆ ಪ್ರೊಜೆಸ್ಟರಾನ್ ಜಾತಿಯ ಔಷಧಿ. ಮೆಜೆಸ್ಟ್ರಾಲ್ ಅಥವಾ ಮೆಡ್ರಾಕ್ಸಿಪ್ರೊಜೆಸ್ಟರಾನ್ ಮಾತ್ರೆ ದಿನಾ ತಗೋಬೇಕು. ಇಲ್ಲವೇ ಗರ್ಭಕೋಶದ ಒಳಗೆ ಹಾರ್ಮೋನ್ ಬಿಡೋ ಸಣ್ಣ ಸಾಧನ ಕೂರಿಸ್ತಾರೆ. ನೋಡೋಕೆ ಕಾಪರ್-ಟಿ ಥರಾನೇ, ನಮ್ಮಲ್ಲಿ ವಂಕಿ ಅಂತಾರಲ್ಲ ಹಾಗೆ, ಆದರೆ ಇದರಲ್ಲಿ ತಾಮ್ರದ ಬದಲು ಹಾರ್ಮೋನ್ ಇರುತ್ತೆ. ಕೆಲವರಿಗೆ ಎರಡೂ ಸೇರಿಸ್ತಾರೆ.

ಮುಟ್ಟು ಮುಂದೂಡೋ ಮಾತ್ರೆಯೂ ಇದೇ ಜಾತಿಯ ಹಾರ್ಮೋನ್ ಅಂತ ಆಗಲೇ ಹೇಳಿದ್ದೆ. ಹಾಗಂತ ಅದನ್ನೇ ಮನೆಯಲ್ಲಿ ನುಂಗಿದರೆ ಆಯ್ತು ಅಂತ ಯಾರೂ ತಿಳ್ಕೋಬೇಡಿ. ಇಲ್ಲಿ ಔಷಧಿ ಬೇರೆ, ಪ್ರಮಾಣ ಬೇರೆ, ಅವಧಿ ಬೇರೆ. ಮುಖ್ಯವಾಗಿ, ಪ್ರತಿ ಹೆಜ್ಜೆಗೂ ಬಯಾಪ್ಸಿ ಇದೆ.

ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಮತ್ತೆ ತುಣುಕು ತೆಗೆದು ನೋಡಬೇಕು. ಕ್ಯಾನ್ಸರ್ ಪೂರ್ತಿ ಮಾಯ ಆಗೋಕೆ ಸಾಮಾನ್ಯವಾಗಿ 6ರಿಂದ 12 ತಿಂಗಳು ಕಾಯ್ತಾರೆ. ಅಷ್ಟರಲ್ಲಿ ಆಗಲಿಲ್ಲ ಅಂದ್ರೆ, ಅಥವಾ ಮಧ್ಯೆ ಜಾಸ್ತಿ ಆಗ್ತಿದೆ ಅಂತ ಕಂಡರೆ, ಕಾಯೋದು ನಿಲ್ಲಿಸಿ ಆಪರೇಷನ್‌ಗೆ ಹೋಗಬೇಕು. ಮಾತ್ರೆಯಿಂದ ತೂಕ ಹೆಚ್ಚೋದು, ಮನಸ್ಸು ಕುಗ್ಗೋದು, ಅಪರೂಪಕ್ಕೆ ರಕ್ತ ಹೆಪ್ಪುಗಟ್ಟೋದು ಆಗಬಹುದು. ತೂಕ ಇಳಿಸಿಕೊಂಡರೆ ಚಿಕಿತ್ಸೆಗೂ ಅನುಕೂಲ, ಗರ್ಭ ನಿಲ್ಲೋಕೂ ಅನುಕೂಲ.

ಲೆಕ್ಕ ಏನು ಹೇಳುತ್ತೆ?

ಈಗ ನನಗೆ ಸ್ವಲ್ಪ ಪರಿಚಯ ಇರೋ ಭಾಗ, ಅಂಕಿ ಅಂಶ. 2012ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಅದಕ್ಕೂ ಮುಂಚಿನ 34 ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿತು. ಅದರಲ್ಲಿ ಆರಂಭದ ಹಂತದ ಕ್ಯಾನ್ಸರ್ ಇದ್ದವರು 408 ಮಹಿಳೆಯರು. ಉಳಿದವರು ಕ್ಯಾನ್ಸರ್‌ಗೆ ಮುಂಚಿನ ಹಂತದಲ್ಲಿದ್ದವರು.

ಹಾರ್ಮೋನ್ ಚಿಕಿತ್ಸೆಯಿಂದ ಕ್ಯಾನ್ಸರ್ ಕರಗಿದ್ದು ಶೇ 76 ಮಂದಿಗೆ. ಆದರೆ ಹಾಗೆ ಕರಗಿದವರಲ್ಲಿ ಶೇ 40ರಷ್ಟು ಮಂದಿಗೆ ಮತ್ತೆ ಬಂತು. ಜೀವಂತ ಮಗು ಪಡೆದವರ ಪ್ರಮಾಣ ಶೇ 28.

ಈ ಮೂರು ಅಂಕಿಯನ್ನ ಒಟ್ಟಿಗೇ ಓದಬೇಕು. 76 ಒಂದನ್ನೇ ನೋಡಿದರೆ ಸುಳ್ಳು ಭರವಸೆ, 40 ಒಂದನ್ನೇ ನೋಡಿದರೆ ಬರೀ ಭಯ. ಅದೇ ವಿಶ್ಲೇಷಣೆಯಲ್ಲಿ, ಕ್ಯಾನ್ಸರ್ ಇದ್ದವರು ಮತ್ತು ಮುಂಚಿನ ಹಂತದವರು ಎಲ್ಲ ಸೇರಿ, ಹತ್ತು ಮಂದಿಗೆ ಕಾಯಿಲೆ ಮೊದಲ ಹಂತ ದಾಟಿ ಹೋಯ್ತು. ಅವರಲ್ಲಿ ಇಬ್ಬರು ತೀರಿಕೊಂಡರು. ಸಂಖ್ಯೆ ಚಿಕ್ಕದು, ಆದರೆ ಸಹಿ ಹಾಕೋ ಮುಂಚೆ ಆ ಇಬ್ಬರ ವಿಷಯವೂ ಆಕೆಗೆ ಗೊತ್ತಿರಬೇಕು.

ಒಂದು ಹೋಲಿಕೆ ಹೇಳ್ತೀನಿ. ಇದು ಸಾಲ ಮನ್ನಾ ಅಲ್ಲ, ಕಂತು ಮುಂದಕ್ಕೆ ಹಾಕಿಸಿಕೊಂಡ ಹಾಗೆ. ಸಿಕ್ಕಿದ ಸಮಯದಲ್ಲಿ ಕೆಲಸ ಮುಗಿಸಿಕೊಳ್ಳಬೇಕು. ಕ್ಯಾನ್ಸರ್ ಕರಗಿದೆ ಅಂತ ಬಯಾಪ್ಸಿ ಹೇಳಿದ ಮೇಲೆ, ಮದುವೆ ಆಗಿರೋರು ಗರ್ಭ ಧರಿಸೋಕೆ ತಡ ಮಾಡಬಾರದು. ಸಾಮಾನ್ಯವಾಗಿ ನೇರವಾಗಿ ಬಂಜೆತನ ಚಿಕಿತ್ಸಾ ತಜ್ಞರ ಹತ್ರ ಕಳಿಸ್ತಾರೆ, ಯಾಕಂದ್ರೆ ಐವಿಎಫ್‌ನಂಥ ವಿಧಾನದಲ್ಲಿ ಸಮಯ ಉಳಿಯುತ್ತೆ. ಈಗಲೇ ಮಗು ಬೇಡ ಅನ್ನೋರು ಮತ್ತೆ ಕ್ಯಾನ್ಸರ್ ಬರದ ಹಾಗೆ ಹಾರ್ಮೋನ್ ಮುಂದುವರಿಸಬೇಕಾಗುತ್ತೆ. ಮಕ್ಕಳಾಗಿ ಮುಗಿದ ಮೇಲೆ ಗರ್ಭಕೋಶ ತೆಗೆಸಿಕೊಳ್ಳೋದು ಸೂಕ್ತ ಅಂತಲೇ ಮಾರ್ಗಸೂಚಿ ಹೇಳೋದು.

ಜರಡಿಯಲ್ಲಿ ಸಿಗದವರಿಗೆ?

ಗ್ರೇಡ್ ಜಾಸ್ತಿ, ಗೋಡೆಗೆ ಇಳಿದಿದೆ, ಆಪರೇಷನ್ ಆಗಲೇಬೇಕು. ಆಗಲೂ ಒಂದು ಪ್ರಶ್ನೆ ಉಳಿದಿದೆ: "ಅಂಡಾಶಯ ಉಳಿಸಬಹುದಾ?" ಇನ್ನೂ ಮುಟ್ಟಾಗೋ ವಯಸ್ಸಿನವರಲ್ಲಿ, ಕಾಯಿಲೆ ಕಡಿಮೆ ಅಪಾಯದ್ದಾಗಿದ್ದು, ವಂಶದಲ್ಲಿ ತೊಂದರೆ ಇಲ್ಲದಿದ್ದರೆ ಅಂಡಾಶಯ ಬಿಡೋದನ್ನ ವೈದ್ಯರು ಯೋಚಿಸಬಹುದು. ಅಂಡಾಶಯ ಉಳಿದರೆ 30ಕ್ಕೇ ಮುಟ್ಟು ನಿಂತವರ ತೊಂದರೆಗಳು ಬರಲ್ಲ. ಆಕೆಯ ಸ್ವಂತ ಅಂಡವೂ ಉಳಿಯುತ್ತೆ. ಇಲ್ಲದಿದ್ದರೆ ಆಪರೇಷನ್‌ಗೆ ಮುಂಚೆ ಅಂಡ ಅಥವಾ ಭ್ರೂಣ ತೆಗೆದು ಶೀತಲೀಕರಿಸಿ ಇಡೋಕೆ ಸಾಧ್ಯವಾ ಅಂತ ಕೇಳಬೇಕು. 2021ರ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಲ್ಲಿ 21 ದಾಟಿದ ಮಹಿಳೆ, ಮದುವೆ ಆಗದಿದ್ದರೂ, ನೋಂದಾಯಿತ ಕ್ಲಿನಿಕ್‌ಗೆ ಹೋಗಬಹುದು.

ಗರ್ಭಕೋಶ ಇಲ್ಲದ ಮೇಲೆ ಬಾಡಿಗೆ ತಾಯ್ತನ, ಅಂದ್ರೆ ಸರೊಗಸಿ. 2022ರ ಜನವರಿ 25ರಿಂದ ಜಾರಿಯಲ್ಲಿರೋ ಕಾಯ್ದೆ ಹಣ ಕೊಟ್ಟು ಮಾಡಿಸೋ ಸರೊಗಸಿಯನ್ನ ನಿಷೇಧಿಸಿದೆ. ವೈದ್ಯಕೀಯ ಖರ್ಚು, ವಿಮೆ ಬಿಟ್ಟು ಬೇರೆ ಹಣ ಕೊಡೋ ಹಾಗಿಲ್ಲ. ಆದರೆ ಸ್ತ್ರೀರೋಗ ಸಂಬಂಧಿ ಕ್ಯಾನ್ಸರ್‌ಗಾಗಿ ಗರ್ಭಕೋಶ ತೆಗೆದಿದ್ದರೆ, ಅದು ಸರೊಗಸಿಗೆ ಒಪ್ಪೋ ವೈದ್ಯಕೀಯ ಕಾರಣ ಅಂತ ನಿಯಮದಲ್ಲೇ ಬರೆದಿದೆ. ದಂಪತಿಯಲ್ಲಿ ಹೆಂಡತಿ 23ರಿಂದ 50, ಗಂಡ 26ರಿಂದ 55 ವಯಸ್ಸಿನ ಒಳಗಿರಬೇಕು. ಹೊರೋ ಮಹಿಳೆ 25ರಿಂದ 35 ವಯಸ್ಸಿನವರಾಗಿರಬೇಕು, ಮದುವೆಯಾಗಿ ಸ್ವಂತ ಮಗು ಇರೋರಾಗಿರಬೇಕು, ಜೀವನದಲ್ಲಿ ಒಂದೇ ಸಲ ಹೊರಬಹುದು. ದತ್ತು ತಗೊಳ್ಳೋ ದಾರಿ ಯಾವಾಗಲೂ ಇದ್ದೇ ಇದೆ.

ಸಹಿ ಯಾರದು?

ಇದು ನನ್ನ ಪ್ರಕಾರ ಇಡೀ ಸಂಚಿಕೆಯ ಮುಖ್ಯ ಭಾಗ. ಆಸ್ಪತ್ರೆಯಲ್ಲಿ ಸಹಿ ಹಾಕೋರು ಯಾರು? ಅಪ್ಪ, ಗಂಡ, ಮಾವ, ಅಣ್ಣ. ಹಾಸಿಗೆ ಮೇಲೆ ಇರೋ ಆಕೆಯನ್ನ ಬಿಟ್ಟು ಎಲ್ಲರೂ.

ದೆಹಲಿಯಲ್ಲಿ ಒಂದು ಪ್ರಕರಣ ಆಯ್ತು. ಸಮೀರಾ ಕೊಹ್ಲಿ ಪ್ರಕರಣ ಅಂತಲೇ ಪ್ರಸಿದ್ಧ. 1995ರಲ್ಲಿ 44 ವಯಸ್ಸಿನ ಅವಿವಾಹಿತ ಮಹಿಳೆ ಜಾಸ್ತಿ ದಿನ ರಕ್ತ ಹೋಗುತ್ತೆ ಅಂತ ಆಸ್ಪತ್ರೆಗೆ ಹೋದರು. ಪರೀಕ್ಷೆಗೆ ಅಂತ ಅರಿವಳಿಕೆ ಕೊಟ್ಟು ಮಲಗಿಸಿದಾಗ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ತಗೊಂಡು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ರೋಗಿ ವಯಸ್ಕಳು, ಮಾನಸಿಕವಾಗಿ ಸಮರ್ಥಳು, ತಕ್ಷಣದ ಪ್ರಾಣಾಪಾಯ ಇರಲಿಲ್ಲ. ಹಾಗಿದ್ದಾಗ ತಾಯಿಯ ಒಪ್ಪಿಗೆ ಸಾಲದು, ಆಕೆಯದೇ ಒಪ್ಪಿಗೆ ಬೇಕು, ಬೇರೆ ದಾರಿಗಳೇನು ಅಂತ ತಿಳಿಸಿಯೇ ಒಪ್ಪಿಗೆ ತಗೋಬೇಕು.

ಎರಡೂ ಕಡೆಗೆ ಇದು ಅನ್ವಯಿಸುತ್ತೆ. "ಮಗು ಬೇಡ, ನನಗೆ ಜೀವ ಉಳಿದರೆ ಸಾಕು, ತೆಗೆದುಬಿಡಿ" ಅಂತ ಆಕೆ ಹೇಳಿದರೆ, "ನಮ್ಮ ವಂಶ ಬೆಳೀಬೇಕು, ಕಾಯಿ" ಅಂತ ಅತ್ತೆ ಮಾವ ಒತ್ತಾಯ ಮಾಡೋ ಹಾಗಿಲ್ಲ. ಆಕೆ ಕಾಯ್ತೀನಿ ಅಂದರೆ, "ಸಾಕು ತೆಗೆಸು" ಅಂತಲೂ ಹೇಳೋ ಹಾಗಿಲ್ಲ. ಅಪಾಯ ಆಕೆಯ ಮೈಮೇಲೆ, ತೀರ್ಮಾನವೂ ಆಕೆಯದೇ.

ಖರ್ಚು, ಓಡಾಟ

ಚನ್ನಗಿರಿ ತಾಲ್ಲೂಕಿನವರು ಮೊದಲು ಹೋಗೋದು ತಾಲ್ಲೂಕು ಆಸ್ಪತ್ರೆಗೆ, ಆಮೇಲೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ, ಇಲ್ಲಾ ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ, ಅಥವಾ ಶಿವಮೊಗ್ಗಕ್ಕೆ. ಕ್ಯಾನ್ಸರ್ ಅಂತ ಖಚಿತ ಆದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ, 1973ರಿಂದ ಇರೋದು. ಗರ್ಭಕೋಶ ಉಳಿಸೋ ವಿಷಯ ಮಾತಾಡಬೇಕಾದ್ದು ಕ್ಯಾನ್ಸರ್ ಸ್ತ್ರೀರೋಗ ತಜ್ಞರು, ಅಂದ್ರೆ ಗೈನಕಾಲಜಿಕ್ ಆಂಕಾಲಜಿಸ್ಟ್ ಜೊತೆ. ಬಂಜೆತನ ತಜ್ಞರೂ ಜೊತೆಗಿರಬೇಕು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಮೂರು ತಿಂಗಳಿಗೊಮ್ಮೆ ಹೋಗಿ ಬರೋ ಖರ್ಚು, ಕೂಲಿ ಬಿಡೋದು, ಜೊತೆಗೆ ಒಬ್ಬರು, ಇದೆಲ್ಲ ಮೊದಲೇ ಲೆಕ್ಕ ಹಾಕಿ. ಅಡಿಕೆ ಕೊಯ್ಲು ಮುಗಿದ ಮೇಲೆ ಹೋದರಾಯ್ತು ಅಂತ ಒಂದು ತಪಾಸಣೆ ತಪ್ಪಿಸಿದರೆ ಅದು ಚಿಕಿತ್ಸೆ ಅಲ್ಲ, ಬರೀ ತಡ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕ್ಯಾನ್ಸರ್ ಆಪರೇಷನ್ ಅದರಲ್ಲಿ ಬರುತ್ತೆ. ಆದರೆ ಐವಿಎಫ್, ಅಂಡ ಶೀತಲೀಕರಣ ಬರಲ್ಲ. ಅದರ ಖರ್ಚು ಲಕ್ಷದ ಲೆಕ್ಕದಲ್ಲೇ. ಗರ್ಭಕೋಶ ತೆಗೆಯೋದು ಉಚಿತ, ಉಳಿಸಿ ಮಗು ಪಡೆಯೋದು ಸ್ವಂತ ಖರ್ಚು. ಬಡ ಮನೆಯ ಹುಡುಗಿಗೆ ಆಯ್ಕೆ ಕಾಗದದ ಮೇಲೆ ಮಾತ್ರ ಉಳಿಯೋದು ಹೀಗೆ. ಈ ಬಗ್ಗೆ ಸರ್ಕಾರವನ್ನ ಕೇಳಬೇಕಾದ್ದು ನಾವೇ.

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ

ಡಾಕ್ಟರ್ ಮುಂದೆ ಕೂತಾಗ ಕೇಳಬೇಕಾದ್ದು ಇಷ್ಟು:

1. ಬಯಾಪ್ಸಿ ರಿಪೋರ್ಟ್‌ನಲ್ಲಿ ಯಾವ ಜಾತಿ, ಯಾವ ಗ್ರೇಡ್ ಅಂತಿದೆ?
2. ಎಂಆರ್‌ಐನಲ್ಲಿ ಗೋಡೆಗೆ ಇಳಿದಿದೆಯಾ? ಅಂಡಾಶಯ ಸರಿ ಇದೆಯಾ?
3. ನನಗೆ ಮುಂದೆ ಮಕ್ಕಳು ಬೇಕು. ಗರ್ಭಕೋಶ ಉಳಿಸೋ ಚಿಕಿತ್ಸೆ ನನಗೆ ಆಗುತ್ತಾ? ಆಗಲ್ಲ ಅಂದ್ರೆ ಯಾಕೆ?
4. ಆಪರೇಷನ್ ಆಗಲೇಬೇಕಾದರೆ ಅಂಡಾಶಯ ಉಳಿಸಬಹುದಾ? ಮುಂಚೆ ಅಂಡ ತೆಗೆದಿಡಬಹುದಾ?
5. ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯೋಕೆ ಎಷ್ಟು ದಿನ ಸಮಯ ಇದೆ?

ಐದನೇದು ಮರೀಬೇಡಿ. ಗ್ರೇಡ್ 1 ನಿಧಾನಕ್ಕೆ ಬೆಳೆಯೋ ಜಾತಿ. ಸಾಮಾನ್ಯವಾಗಿ ಒಂದು ಎರಡನೇ ಅಭಿಪ್ರಾಯ ಕೇಳೋಷ್ಟು ಸಮಯ ಇರುತ್ತೆ. ಆರು ತಿಂಗಳು ನಾಟಿ ಔಷಧಿ ಕುಡಿದು ನೋಡೋಷ್ಟು ಸಮಯ ಇರಲ್ಲ.

ಕೇಳ್ತಿರೋರು ಹುಡುಗರಾದರೆ ನಿಮಗೂ ಒಂದು ಮಾತು. ಅಕ್ಕನೋ ತಂಗಿಯೋ ಹೆಂಡತಿಯೋ "ಈ ಸಲ ಹದಿನೈದು ದಿನ ಆದರೂ ನಿಂತಿಲ್ಲ" ಅಂದರೆ, "ಹೆಂಗಸರ ವಿಷಯ" ಅಂತ ಎದ್ದು ಹೋಗಬೇಡಿ. ಗಾಡಿ ತೆಗೀರಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ಒಳಗೆ ಹೋದ ಮೇಲೆ ಮಾತಾಡೋಕೆ ಆಕೆಗೆ ಬಿಡಿ.

ಇವತ್ತಿಗೆ ಇಷ್ಟು. ಮನೆಯ ವಾಟ್ಸಾಪ್ ಗ್ರೂಪ್‌ಗೆ ಇದನ್ನ ಕಳಿಸೋಕೆ ಮುಜುಗರ ಆದರೆ, ಒಬ್ಬರಿಗಾದರೂ ನೇರವಾಗಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.